ಒಡೆಯನಿಲ್ಲದ ಕೂಟದಲ್ಲಿ ಹೊಣೆ ಯಾರದು?

“ಸರ್ವರ್ ಇಲ್ಲ” ಎಂಬ ಎರಡು ಪದಗಳ ವಾಕ್ಯವನ್ನು ಕೇಳದವರು ಈಗ ಕನ್ನಡನಾಡಿನಲ್ಲಿ ವಿರಳ. ಬ್ಯಾಂಕಿನ ಕಿಟಕಿಯಲ್ಲಿ, ಪಡಿತರದ ಅಂಗಡಿಯಲ್ಲಿ, ಸರಕಾರಿ ಕಚೇರಿಯಲ್ಲಿ, ಎಲ್ಲೆಡೆಯೂ ಅದು ಒಂದೇ ಧಾಟಿಯಲ್ಲಿ ಹೊರಡುತ್ತದೆ. ಹೇಳುವವರಿಗೆ ಸಂಕೋಚವಿಲ್ಲ, ಕೇಳುವವರಿಗೆ ಆಶ್ಚರ್ಯವಿಲ್ಲ. ಕನ್ನಡ ಪಾಠ ಹೇಳುವ ನನಗೆ ಈ ವಾಕ್ಯದ ವ್ಯಾಕರಣವೇ ಕುತೂಹಲದ ವಸ್ತುವಾಗಿದೆ. “ನಾನು ನಿಮ್ಮ ಕೆಲಸ ಮಾಡಿಲ್ಲ” ಎಂಬಲ್ಲಿ ಕರ್ತೃ ಉಂಟು. “ನಿಮ್ಮ ಕೆಲಸ ಆಗಿಲ್ಲ” ಎಂದರೆ ಕರ್ತೃ ಮರೆಯಾಗಿ ಕೆಲಸ ಮಾತ್ರ ಉಳಿಯುತ್ತದೆ. “ಸರ್ವರ್ ಇಲ್ಲ” ಎಂದಾಗ ಕರ್ತೃವೂ ಇಲ್ಲ, ಕೆಲಸವೂ ಇಲ್ಲ, ಕೇಳಬಂದವನೂ ಇಲ್ಲ. ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಅಷ್ಟಾಗಿ ಒಗ್ಗದೆಂದು ಹಿರಿಯರು ಹೇಳುವುದುಂಟು. ಒಗ್ಗದಿದ್ದರೆ ನಷ್ಟವೇನು? ಮಾಡುವವನನ್ನು ಅಡಗಿಸುವ ಉಪಾಯಗಳು ನಮ್ಮಲ್ಲಿ ಬೇರೆ ಬೇಕಾದಷ್ಟಿವೆ.

ಆದರೆ ಇಲ್ಲಿರುವುದು ಬರಿಯ ಭಾಷೆಯ ಪ್ರಶ್ನೆಯಲ್ಲ. ಹಲವರು ಕೂಡಿ ಒಂದು ಕೆಲಸವನ್ನು ಮಾಡುತ್ತಾರೆ. ಅವರಲ್ಲಿ ಯಾರೂ ಒಡೆಯರಲ್ಲ. ಪ್ರತಿಯೊಬ್ಬನಿಗೂ ತನ್ನ ಪಾಲಿನ ತುಣುಕಷ್ಟೇ ಗೊತ್ತು. ಆ ಕೆಲಸ ಕೆಟ್ಟರೆ ಹೊಣೆ ಯಾರದು? ಅವಿಭಕ್ತ ಕುಟುಂಬದಷ್ಟು, ದಂಡಿನಷ್ಟು, ಸಮಿತಿಯಷ್ಟು ಹಳೆಯದಾದ ಈ ಪ್ರಶ್ನೆ ಈಗ ಯಂತ್ರಗಳಿಗೂ ಬಂದಿದೆ. ನೂರಾರು ಗಣಕಯಂತ್ರಗಳು ಬೇರೆ ಬೇರೆ ಊರುಗಳಲ್ಲಿ ಕುಳಿತು, ಒಂದರ ಮುಖ ಒಂದು ಕಾಣದೆ, ಕಳುಹಿಸಿದ ಮಾತುಗಳ ಆಧಾರದಿಂದಲೇ ಒಂದು ಕಾರ್ಯವನ್ನು ನಡೆಸುವ ಏರ್ಪಾಟಿಗೆ ಹಂಚಿಕೆಯ ಗಣಕವ್ಯವಸ್ಥೆ ಎನ್ನೋಣ. ಈ ಶಾಸ್ತ್ರದ ದೊಡ್ಡ ವಿದ್ವಾಂಸರಲ್ಲೊಬ್ಬರಾದ ಲೆಸ್ಲಿ ಲ್ಯಾಂಪೋರ್ಟ್ ಅವರು 1987ರಲ್ಲಿ ಇದಕ್ಕೊಂದು ವಿನೋದದ ಲಕ್ಷಣ ಹೇಳಿದರು: ಇದೆಯೆಂದೇ ನಿನಗೆ ತಿಳಿಯದಿದ್ದ ಯಾವುದೋ ಯಂತ್ರ ಕೆಟ್ಟದ್ದರಿಂದ ನಿನ್ನ ಯಂತ್ರ ನಿಂತುಹೋಗುವುದಾದರೆ ಅದೇ ಅಂಥ ವ್ಯವಸ್ಥೆ ಎಂಬುದು ಅವರ ಮಾತಿನ ತಾತ್ಪರ್ಯ. ಸಿಂದಗಿಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಶಾಸ್ತ್ರವನ್ನು ಕಟ್ಟಿದವರು ಯಂತ್ರಗಳಿಗಾಗಿ ಯೋಚಿಸಿದರು. ನೀತಿಶಾಸ್ತ್ರ ಬರೆಯುವ ಉದ್ದೇಶ ಅವರಿಗಿರಲಿಲ್ಲ. ಆದರೂ ಅವರು ಮುಟ್ಟಿದ ತೀರ್ಮಾನಗಳಲ್ಲಿ ಕೆಲವು ನಮಗೂ ತಗಲುವಂಥವು. ಅವರ ಮೊದಲ ಪಾಠಶಾಲೆ ಸಮುದ್ರದ ನಡುವೆ ಇತ್ತು. ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಮ್ಸನ್ ಮತ್ತು ಅವರ ಸಂಗಡಿಗರು 1971ರಲ್ಲಿ ದ್ವೀಪಗಳನ್ನು ರೇಡಿಯೋ ಮೂಲಕ ಒಂದು ಗಣಕಯಂತ್ರಕ್ಕೆ ಜೋಡಿಸಿದರು. ಸಂದೇಶವನ್ನು ಚಿಕ್ಕ ಚಿಕ್ಕ ಪ್ಯಾಕೆಟ್ಟುಗಳಾಗಿ ಒಡೆದು ಗಾಳಿಯಲ್ಲಿ ಬಿಡುವುದು ಅವರ ಕ್ರಮ. ಅದಕ್ಕೆ ‘ಅಲೋಹಾ’ ಎಂದು ಹೆಸರಿಟ್ಟರು. ಅದು ಅಲ್ಲಿಯ ಜನರ ನಮಸ್ಕಾರ. ದ್ವೀಪಗಳೆಲ್ಲ ಒಂದೇ ಅಲೆಯ ಮೇಲೆ ಮಾತಾಡಬೇಕು. ಯಾರು ಯಾವಾಗ ಮಾತಾಡಬೇಕೆಂದು ಸರದಿ ಹಂಚುವ ಅಧಿಕಾರಿ ಇಲ್ಲ. ಇಬ್ಬರು ಒಮ್ಮೆಗೇ ಮಾತಾಡಿದರೆ ಇಬ್ಬರ ಮಾತೂ ಕೆಟ್ಟುಹೋಗುತ್ತದೆ. ಇಂಡಿಯ ದನದ ಸಂತೆಯಲ್ಲಿ ಇಬ್ಬರು ದಲಾಲರು ಏಕಕಾಲಕ್ಕೆ ಕೂಗಿದಂತೆ.

ನಮ್ಮವರಾಗಿದ್ದರೆ ಒಬ್ಬ ಮೇಲ್ವಿಚಾರಕನನ್ನು ನೇಮಿಸುತ್ತಿದ್ದೆವು. ರೈಲಿನವರು ಮಾಡಿದ್ದು ಅದನ್ನೇ. ಒಂಟಿ ಹಳಿಯ ದಾರಿಯಲ್ಲಿ, ಎರಡು ನಿಲ್ದಾಣಗಳ ನಡುವಣ ಹಾದಿಗೆ ಲೋಹದ ಟೋಕನ್ ಒಂದು. ಅದು ಕೈಯಲ್ಲಿಲ್ಲದ ಚಾಲಕ ಮುಂದೆ ಹೋಗುವಂತಿಲ್ಲ. ಅಬ್ರಮ್ಸನ್ ಹೀಗೆ ಮಾಡಲಿಲ್ಲ. ಅವರ ನಿಯಮ ಸರಳ: ಮಾತಾಡುವುದಿದ್ದರೆ ಆಡು, ತಲುಪಿತೆಂಬ ಮರುತ್ತರಕ್ಕೆ ಕಾಯಿ, ಬರಲಿಲ್ಲವೆ, ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಆಡು. ಆ ‘ಸ್ವಲ್ಪ ಹೊತ್ತು’ ಎಷ್ಟೆಂಬುದನ್ನು ಪ್ರತಿಯೊಂದು ಯಂತ್ರವೂ ದಾಳ ಹಾಕಿದಂತೆ ತಾನೇ ಆರಿಸಿಕೊಳ್ಳಬೇಕು. ಇಬ್ಬರೂ ಅಷ್ಟೇ ಹೊತ್ತು ಕಾದರೆ ಮತ್ತೆ ಡಿಕ್ಕಿ ತಾನೆ? ಇಬ್ಬರು ಸಭ್ಯರು ಬಾಗಿಲಲ್ಲಿ “ತಾವು ಮೊದಲು” ಎನ್ನುತ್ತ ನಿಂತು, ಒಟ್ಟಿಗೇ ಹೊರಟು ಭುಜ ತಾಗಿಸಿಕೊಳ್ಳುವ ದೃಶ್ಯವನ್ನು ನಾವು ಮದುವೆಮನೆಗಳಲ್ಲಿ ಕಂಡಿದ್ದೇವೆ. ಮರ್ಯಾದೆ ಸಮನಾಗಿದ್ದರೆ ಸಾಲದು. ಯಾರಾದರೊಬ್ಬರು ಹೆಚ್ಚು ಕಾಯಬೇಕು, ಮತ್ತು ಯಾವಾಗಲೂ ಅವರೇ ಕಾಯುವಂತಾಗಬಾರದು.

ಇದರಿಂದ ನಷ್ಟವುಂಟು. ಈ ಸ್ವಚ್ಛಂದ ಪದ್ಧತಿಯಲ್ಲಿ ಕಾಲುವೆಯ ಶಕ್ತಿಯ ಸುಮಾರು 18 ಪಾಲು ಮಾತ್ರ ಸಾರ್ಥಕವಾಗುತ್ತದೆಂದು, ನೂರಕ್ಕೆ ಲೆಕ್ಕ ಹಾಕಿ, ಅಬ್ರಮ್ಸನ್ನರೇ ತೋರಿಸಿದರು. ಎಲ್ಲರೂ ಗಡಿಯಾರದ ಒಂದು ಹೊಡೆತಕ್ಕೆ ಸರಿಯಾಗಿ ಮಾತು ಆರಂಭಿಸಬೇಕೆಂಬ ಒಂದೇ ಶಿಸ್ತನ್ನು ಕೂಡಿಸಿದರೆ ಅದು ಇಮ್ಮಡಿಯಾಗಿ ಸುಮಾರು 37 ಆಗುತ್ತದೆಂದು ಲಾರೆನ್ಸ್ ರಾಬರ್ಟ್ಸ್ 1972ರಲ್ಲಿ ಕಂಡುಕೊಂಡರು. ಅರ್ಧಕ್ಕಿಂತ ಹೆಚ್ಚು ಪೋಲಾಗುವ ಈ ಪದ್ಧತಿ ಸತ್ತುಹೋಗಬೇಕಿತ್ತು, ಹೋಗಲಿಲ್ಲ. ಇಂದು ನಾವು ಕಿಸೆಯಿಂದ ಫೋನು ತೆಗೆದು ಕರೆ ಹಚ್ಚಿದಾಗ ಅದು ಗೋಪುರಕ್ಕೆ ಕಳುಹಿಸುವ ಮೊದಲ ಬಿನ್ನಹ ಈ ವಂಶದ್ದೇ. ಮನೆಯ ವೈಫೈ ಕೂಡ ಇದರ ಮೊಮ್ಮಗು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನುರಾಗ್ ಕುಮಾರ್, ಜಾಯ್ ಕುರಿ ಮೊದಲಾದವರು ಇಂಥ ಜಾಲಗಳ ಗಣಿತವನ್ನು ಆಳವಾಗಿ ಅಭ್ಯಾಸ ಮಾಡಿ ಗ್ರಂಥಗಳನ್ನು ರಚಿಸಿದ್ದಾರೆ. ಆ ಗಣಿತ ನನ್ನ ಅಳವಿಗೆ ಮೀರಿದ್ದು. ನನಗೆ ಇಲ್ಲಿ ಬೇಕಾದದ್ದು ಒಂದೇ ಅಂಶ: ಮಾತು ತಲುಪದಿದ್ದರೆ ಮತ್ತೆ ಆಡಬೇಕಾದವನು ಆಡಿದವನೇ. ಗಾಳಿಯನ್ನು ದೂರುವಂತಿಲ್ಲ.

ಅಮೆರಿಕದಲ್ಲಿ ಈ ರೇಡಿಯೋ ಜಾಲ ಬಂಡಿ ಏರಿತು. 1977ರ ನವೆಂಬರ್ 22ರಂದು ಸ್ಯಾನ್‌ಫ್ರಾನ್ಸಿಸ್ಕೋ ಕಡೆಯ ಹೆದ್ದಾರಿಯಲ್ಲಿ ಓಡುತ್ತಿದ್ದ ಒಂದು ವ್ಯಾನಿನಿಂದ ಪ್ಯಾಕೆಟ್ಟುಗಳು ರೇಡಿಯೋ ಜಾಲಕ್ಕೂ, ಅಲ್ಲಿಂದ ತಂತಿಯ ಜಾಲಕ್ಕೂ, ಅಲ್ಲಿಂದ ಉಪಗ್ರಹದ ಮೂಲಕ ಯೂರೋಪಿಗೂ ಹೋಗಿ, ಮರಳಿ ಅದೇ ಕ್ಯಾಲಿಫೋರ್ನಿಯದ ದಕ್ಷಿಣ ಭಾಗದ ಒಂದು ಗಣಕಯಂತ್ರವನ್ನು ಮುಟ್ಟಿದವು. ಮೂರು ಜಾಲಗಳು, ಮೂರಕ್ಕೂ ಬೇರೆ ಬೇರೆ ನಡವಳಿಕೆ. ಇವನ್ನು ಬೆಸೆಯಲು ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಹೂಡಿದ ಉಪಾಯ ವಿಚಿತ್ರವಾದದ್ದು. ನಡುವಿನ ಯಾರಿಂದಲೂ ಅವರು ಭಾಷೆ ತೆಗೆದುಕೊಳ್ಳಲಿಲ್ಲ. ಕೈಗೆ ಬಂದ ಪ್ಯಾಕೆಟ್ಟನ್ನು ಮುಂದಕ್ಕೆ ದಾಟಿಸಲು ಪ್ರಯತ್ನಿಸು; ಆಗದಿದ್ದರೆ ಬಿಡು. ಸರಿಯಾದ ಕ್ರಮದಲ್ಲಿ, ಸಂಪೂರ್ಣವಾಗಿ ತಲುಪಿತೇ ಎಂದು ನೋಡಿಕೊಳ್ಳುವ ಹೊಣೆ ಎರಡು ತುದಿಗಳದು.

ಓಲೆಗರಿಯ ಕಟ್ಟುಗಳನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ದಾರ ಹರಿದ ಕಟ್ಟಿನಲ್ಲಿ ಗರಿಗಳು ಚೆದರುತ್ತವೆ, ಕೆಲವು ಕಳೆದುಹೋಗುತ್ತವೆ. ಗರಿಯ ಮೇಲಿನ ಸಂಖ್ಯೆಯ ಬಲದಿಂದ ಸಂಪಾದಕ ಅವನ್ನು ಹೊಂದಿಸುತ್ತಾನೆ, ಇಲ್ಲದ ಗರಿಗಾಗಿ ಇನ್ನೊಂದು ಮಠದ ಪ್ರತಿಯನ್ನು ಹುಡುಕುತ್ತಾನೆ. ಆದರೆ ಕಾಣೆಯಾದ ಗರಿಗಿಂತ ಅಪಾಯದ್ದು ಲಿಪಿಕಾರನ ತಪ್ಪು. ಪ್ರತಿಯೊಬ್ಬ ಲಿಪಿಕಾರನೂ ತನ್ನ ಮುಂದಿದ್ದ ಪ್ರತಿಗೆ ನಿಷ್ಠನಾಗಿಯೇ ಬರೆದಿರಬಹುದು. ನಾಲ್ಕು ತಲೆ ದಾಟುವಷ್ಟರಲ್ಲಿ ಕವಿ ಹೇಳದೆ ಇದ್ದದ್ದು ಪದ್ಯವಾಗಿ ನಿಂತಿರುತ್ತದೆ.

ಇದಕ್ಕೆ ಸರಿಸಾಟಿಯಾದ ಪ್ರಸಂಗವೊಂದನ್ನು ಸಾಲ್ಟ್ಜರ್, ರೀಡ್, ಕ್ಲಾರ್ಕ್ ಎಂಬ ಮೂವರು 1981ರಲ್ಲಿ ಮಂಡಿಸಿ 1984ರಲ್ಲಿ ವಿಸ್ತರಿಸಿ ಪ್ರಕಟಿಸಿದ ಪ್ರಬಂಧದಲ್ಲಿ ಹೇಳಿದ್ದಾರೆ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಜಾಲದಲ್ಲಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಮಾತು ದಾಟುವಾಗೆಲ್ಲ ತಪ್ಪು ಹಿಡಿಯುವ ತಪಾಸಣೆ ಇತ್ತು. ಜನ ಅದನ್ನು ನಂಬಿ ನಿಶ್ಚಿಂತರಾದರು. ನಡುವಿನ ಒಂದು ಯಂತ್ರಕ್ಕೆ ಮಾತ್ರ ಒಂದು ರೋಗ ಹಿಡಿಯಿತು: ಒಂದು ಕಿಸೆಯಿಂದ ಇನ್ನೊಂದು ಕಿಸೆಗೆ ಹಾಕಿಕೊಳ್ಳುವಾಗ, ಹತ್ತು ಲಕ್ಷ ಅಕ್ಷರಗಳಿಗೆ ಸುಮಾರು ಒಂದು ಸಲ, ಎರಡು ಅಕ್ಷರಗಳನ್ನು ಅದು ಹಿಂದುಮುಂದು ಮಾಡುತ್ತಿತ್ತು. ಹಾದಿಯ ತಪಾಸಣೆಗಳೆಲ್ಲ ಸರಿ. ಯಂತ್ರದ ಹೊಟ್ಟೆಯೊಳಗಿನದು ಯಾರಿಗೂ ಕಾಣದು. ಹಲವರ ಬರೆಹಗಳು ಕೆಟ್ಟ ಮೇಲೆ, ಹಳೆಯ ಅಚ್ಚುಪ್ರತಿಗಳನ್ನು ಮುಂದಿಟ್ಟುಕೊಂಡು ಕೈಯಾರೆ ಹೋಲಿಸಿ ತಿದ್ದಿಕೊಳ್ಳಬೇಕಾಯಿತು. ಪಾಠಾಂತರಗಳನ್ನು ಗುರುತಿಸುವ ನಮ್ಮ ಕೆಲಸ ಆ ಗಣಕವಿದ್ವಾಂಸರಿಗೂ ಒದಗಿತೆಂದು ಓದಿದಾಗ ನನಗೆ ಒಳಗೊಳಗೇ ಸಂತೋಷವಾಯಿತೆಂದು ಹೇಳಿದರೆ ವಾಚಕರು ಕ್ಷಮಿಸಬೇಕು.

ಅವರ ತೀರ್ಮಾನ ಇದು. ನಡುವಿನವರೆಲ್ಲ ಪ್ರಾಮಾಣಿಕರಾಗಿ, ಪ್ರತಿ ಹೆಜ್ಜೆಯೂ ಪರೀಕ್ಷಿತವಾಗಿ, ಒಟ್ಟು ಕಾರ್ಯ ಕೆಡಬಹುದು. ಕಾರ್ಯ ಆಯಿತೋ ಇಲ್ಲವೋ ಎಂಬುದು, ಅದು ಯಾರಿಗಾಗಿ ನಡೆಯಿತೋ ಆ ತುದಿಯಲ್ಲಿ ನಿಂತು ನೋಡಿದಾಗಲೇ ತಿಳಿಯುವ ಸಂಗತಿ. ನಡುವಿನ ಎಚ್ಚರಿಕೆಯಿಂದ ಕೆಲಸ ಚುರುಕಾದೀತು. ತುದಿಯ ಹೊಣೆ ಅದರಿಂದ ಕಳೆಯುವುದಿಲ್ಲ. ಇದನ್ನು ಯಂತ್ರಶಿಲ್ಪದ ಸೂತ್ರವೆಂದು ಬರೆದರು. ನನ್ನ ಕಣ್ಣಿಗೆ ಇದು ಒಳ್ಳೆಯ ನೀತಿಸೂತ್ರ.

ಇಷ್ಟಕ್ಕೆ ಯಾರಾದರೂ ಕೇಳಬಹುದು: ನಡುವಿನವನು ಬರಿಯ ದುರ್ಬಲನಲ್ಲದೆ ದ್ರೋಹಿಯೂ ಆಗಿದ್ದರೆ? ಲ್ಯಾಂಪೋರ್ಟ್, ಶೋಸ್ಟಾಕ್, ಪೀಸ್ ಎಂಬವರು 1982ರಲ್ಲಿ ಈ ಪ್ರಶ್ನೆಯನ್ನು ಬೈಜಾಂಟಿಯಮ್ಮಿನ ಸೇನಾಪತಿಗಳ ಕಥೆಯಾಗಿ ಕಟ್ಟಿದರು. ನಗರವೊಂದನ್ನು ಮುತ್ತಿರುವ ಸೇನಾಪತಿಗಳು ದೂತರ ಮೂಲಕ ಮಾತ್ರ ಮಾತಾಡಿಕೊಂಡು, ಏರಿ ಹೋಗುವುದೋ ಹಿಂದೆಗೆಯುವುದೋ ಎಂಬ ಒಂದೇ ನಿರ್ಧಾರಕ್ಕೆ ಬರಬೇಕು. ಅವರಲ್ಲಿ ಒಬ್ಬ ದ್ರೋಹಿ. ಒಬ್ಬನಿಗೆ ಒಂದು, ಇನ್ನೊಬ್ಬನಿಗೆ ಇನ್ನೊಂದು ಹೇಳುತ್ತಾನೆ. ಮೂವರೇ ಇದ್ದು ಒಬ್ಬ ದ್ರೋಹಿಯಾದರೆ, ಬಾಯಿಮಾತಿನಿಂದ ಒಮ್ಮತ ಅಸಾಧ್ಯ. ನಾಲ್ವರಿದ್ದರೆ ಒಬ್ಬ ದ್ರೋಹಿಯನ್ನು ತಾಳಿಕೊಳ್ಳಬಹುದು.

ಬೈಜಾಂಟಿಯಮ್ಮಿನವರೆಗೆ ನಾವು ಹೋಗಬೇಕಾಗಿಲ್ಲ. ಮುದ್ದೇಬಿಹಾಳ ಸೀಮೆಯ ತಾಳಿಕೋಟೆ ಸಾಕು. 1564ರ ಕೊನೆಯಲ್ಲಿ ಅಲ್ಲಿ ಬೀಡುಬಿಟ್ಟವರು ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರುಗಳ ಸುಲ್ತಾನರು, ಎಣಿಸಿದಂತೆ ನಾಲ್ವರು. ಅದುವರೆಗೆ ತಮ್ಮತಮ್ಮಲ್ಲೇ ಕಾದಾಡಿಕೊಂಡು ಬಂದವರು. ಒಬ್ಬರ ಮಾತು ಇನ್ನೊಬ್ಬರಿಗೆ ಏನು ನಂಬಿಕೆ? ಆದ್ದರಿಂದ ಮೊದಲು ಮದುವೆಗಳಾದವು. ಅಹಮದ್‌ನಗರದ ಚಾಂದ್ ಬೀಬಿ ಬಿಜಾಪುರದ ಅಲಿ ಆದಿಲ್‌ಶಹನ ರಾಣಿಯಾಗಿ ಬಂದಳು. ಅಲಿಯ ತಂಗಿ ಅಹಮದ್‌ನಗರಕ್ಕೆ ಸೊಸೆಯಾಗಿ ಹೋದಳು. 1565ರ ಜನವರಿಯಲ್ಲಿ ಕೃಷ್ಣೆಯ ಆಚೆ ವಿಜಯನಗರಕ್ಕೆ ಏನಾಯಿತೆಂಬುದು ಕನ್ನಡಿಗರು ಮರೆಯುವ ಸಂಗತಿಯಲ್ಲ. ಇಲ್ಲಿ ನಮಗೆ ಪ್ರಕೃತವಾದದ್ದು ಆ ಮದುವೆಗಳು. ಬಾಯಿಮಾತು ಸಾಲದೆಂದು ಕಂಡಾಗ ಮನುಷ್ಯ ಹಿಂತೆಗೆದುಕೊಳ್ಳಲಾಗದ ಗುರುತೊಂದನ್ನು ಮಾತಿಗೆ ಕಟ್ಟುತ್ತಾನೆ. ಪ್ರಬಂಧಕಾರರು ಹೇಳುವುದೂ ಅದನ್ನೇ: ಖೋಟಾ ಮಾಡಲಾಗದ ಸಹಿ ಪ್ರತಿ ಮಾತಿಗೂ ಇದ್ದರೆ, ಮೂವರಲ್ಲಿ ಒಬ್ಬ ದ್ರೋಹಿಯಾದರೂ ಉಳಿದವರು ಒಮ್ಮತಕ್ಕೆ ಬರಬಹುದು. “ನಾನು ಹಾಗೆ ಹೇಳಲೇ ಇಲ್ಲ” ಎನ್ನುವ ಸೌಕರ್ಯ ಹೋದರೆ ದ್ರೋಹದ ಅರ್ಧ ಬಲ ಹೋದಂತೆ.

ದ್ರೋಹಿಗಳೇ ಇಲ್ಲದಿದ್ದರೂ ತೊಡಕು ಮುಗಿಯುವುದಿಲ್ಲ. ಊಹೆಗಾಗಿ ಹೇಳುತ್ತೇನೆ: ಬಸವನ ಬಾಗೇವಾಡಿ ಸೀಮೆಯ ಆಲಮಟ್ಟಿಯಲ್ಲಿ ಒಬ್ಬರು, ಕೆಳಗಣ ನಾರಾಯಣಪುರದಲ್ಲಿ ಒಬ್ಬರು ಅಣೆಕಟ್ಟಿನ ಬಾಗಿಲು ಕಾಯುತ್ತಿದ್ದಾರೆ. ಕೃಷ್ಣೆಗೆ ನೆರೆ. ಇಬ್ಬರೂ ಕೂಡಿ ಬಾಗಿಲೆತ್ತಬೇಕು. ಒಬ್ಬರೇ ಎತ್ತಿದರೆ ಅನರ್ಥ. ನಡುವಿನ ತಂತಿ ಆಗಾಗ ಕಡಿಯುತ್ತದೆ. ಮೇಲಿನವರು “ಆರು ಗಂಟೆಗೆ” ಎಂದು ಹೇಳಿ ಕಳುಹಿಸುತ್ತಾರೆ. ಅದು ತಲುಪಿತೆಂಬ ಉತ್ತರ ಬರುವ ತನಕ ಅವರು ಎತ್ತುವಂತಿಲ್ಲ. ಕೆಳಗಿನವರು “ಆಗಲಿ” ಎನ್ನುತ್ತಾರೆ. ಆ “ಆಗಲಿ” ತಲುಪಿತೋ ಎಂಬ ಚಿಂತೆ ಈಗ ಅವರದು. ಅದಕ್ಕೊಂದು ಉತ್ತರ, ಆ ಉತ್ತರಕ್ಕೊಂದು ಉತ್ತರ. ಎಷ್ಟು ಉತ್ತರಗಳನ್ನು ಪೇರಿಸಿದರೂ ಇಬ್ಬರಿಗೂ ಸಂಪೂರ್ಣ ನಿಶ್ಚಯ ಬರಲಾರದೆಂದು 1975ರಲ್ಲಿಯೇ ತರ್ಕಬದ್ಧವಾಗಿ ತೋರಿಸಿದ್ದಾರೆ. ಕಡಿಯಬಹುದಾದ ತಂತಿಯ ಮೇಲೆ ಅಚ್ಚಳಿಯದ ನಿಶ್ಚಯವಿಲ್ಲ. ಆದರೂ ನೀರು ಏರುತ್ತಲೇ ಇರುತ್ತದೆ, ಬಾಗಿಲು ಎತ್ತಲೇಬೇಕಾಗುತ್ತದೆ.

ನಿಶ್ಚಯವಿಲ್ಲದ್ದರಿಂದ ಹೊಣೆಯೂ ಇಲ್ಲವೆಂಬ ವಾದ ಇಲ್ಲಿ ಸುಲಭವಾಗಿ ಹುಟ್ಟುತ್ತದೆ, ಮತ್ತು ಅದು ಸುಳ್ಳು. ಜಾಲಗಳನ್ನು ಕಟ್ಟಿದವರು ನಿಶ್ಚಯ ಅಸಾಧ್ಯವೆಂದು ತಿಳಿದ ಮೇಲೆಯೇ ಮತ್ತೆ ಮತ್ತೆ ಹೇಳುವುದನ್ನೂ, ಹೇಳಿದ್ದಕ್ಕೆ ಗುರುತು ಇಡುವುದನ್ನೂ, ಇಷ್ಟು ಹೊತ್ತಿನಲ್ಲಿ ಉತ್ತರ ಬರದಿದ್ದರೆ ಇಂಥವನು ಇಂಥದ್ದನ್ನು ಮಾಡಬೇಕೆಂಬುದನ್ನೂ ಕಲಿತರು. ಬಾಗೇವಾಡಿಯಲ್ಲಿ ಹುಟ್ಟಿ ಬಿಜ್ಜಳನ ಭಂಡಾರಿಯಾದ ಬಸವಣ್ಣನವರ ಮೇಲೆ, ಬೊಕ್ಕಸದ ಹಣವನ್ನು ಜಂಗಮರಿಗೆ ಸುರಿದರೆಂದು ದೂರು ಬಂದ ಕಥೆಯನ್ನು ಪುರಾಣಗಳು ಹೇಳುತ್ತವೆ. ಅವರು ಎಣಿಸಿ ತೋರಿಸಿದರು, ಹಣ ಸರಿಯಾಗಿತ್ತು. ಪವಾಡದ ಭಾಗವನ್ನು ಭಕ್ತರಿಗೆ ಬಿಡೋಣ. ಕೇಳಿದಾಗ ಎದ್ದುನಿಂತು ಲೆಕ್ಕ ಕೊಟ್ಟವನೇ ಆ ಕಥೆಯಲ್ಲಿ ಭಂಡಾರಿ.

ಈಗ ನಮ್ಮ ಕಚೇರಿಗಳಿಗೆ ಬರೋಣ. ಈ ಭಾಗದಲ್ಲಿ ಪಹಣಿಗೆ ಉತಾರ ಎನ್ನುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಒಣಭೂಮಿಯ ರೈತನಿಗೆ ಸಾಲ ಬೇಕಾದರೂ, ಅಣ್ಣತಮ್ಮಂದಿರು ಬೇರೆಯಾದರೂ, ಬೆಳೆ ಹೋಗಿ ಪರಿಹಾರ ಬರಬೇಕಾದರೂ ಆ ಒಂದು ಹಾಳೆ ಬೇಕು. ಹಿಂದೆ ಅದು ತಲಾಠಿಯ ಕೈಬರಹದಲ್ಲಿ, ತಲಾಠಿಯ ಪೆಟ್ಟಿಗೆಯಲ್ಲಿ ಇತ್ತು. ಅವನನ್ನು ಹುಡುಕುವುದೇ ಒಂದು ಯಾತ್ರೆ, ಒಲಿಸುವುದು ಇನ್ನೊಂದು. 2000ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆ ಕರ್ನಾಟಕದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, 177 ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಕೊಡತೊಡಗಿತು. ನಾನು ಇದನ್ನು ಕಡಮೆ ಸಾಧನೆಯೆಂದು ಎಣಿಸುವವನಲ್ಲ. ಅದರಲ್ಲಿ ಎರಡು ಏರ್ಪಾಟುಗಳು ನನಗೆ ವಿಶೇಷವಾಗಿ ಮೆಚ್ಚುಗೆಯಾದವು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಪಾಳಿಯಲ್ಲೇ ತೆಗೆಯಬೇಕು. ಗೌಡರ ಅರ್ಜಿಯೆಂದು ಮುಂದಕ್ಕೆ ಹಾಕುವಂತಿಲ್ಲ. ಯಂತ್ರದ ಮುಂದೆ ಕೂಡುವ ನೌಕರ ಬೆರಳೊತ್ತಿಯೇ ಒಳಹೋಗಬೇಕು. ಆಮೇಲೆ ಆದ ತಿದ್ದುಪಡಿಯನ್ನು “ನಾನಲ್ಲ” ಎನ್ನುವಂತಿಲ್ಲ. ಸುಲ್ತಾನರು ಮದುವೆಗಳಿಂದ ಸಾಧಿಸಲು ಹೊರಟದ್ದನ್ನು ಇಲ್ಲಿ ಒಂದು ಬೆರಳಿನ ಗುರುತು ಸಾಧಿಸಿತು.

ಮೊದಲು ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕಿನ ಯಂತ್ರದಲ್ಲೇ ಇತ್ತು. ಕ್ರಮೇಣ ಎಲ್ಲವೂ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಕೂಡಿಕೊಂಡವು. ಅದಕ್ಕೆ ಒಳ್ಳೆಯ ಕಾರಣಗಳಿದ್ದವು: ಸುರಕ್ಷತೆ, ಏಕರೂಪ, ಎಲ್ಲಿಂದಲಾದರೂ ಪಡೆಯುವ ಅನುಕೂಲ. ಆದರೆ ಕೂಡಿಕೊಂಡಾಗ ಒಂದು ಪಲ್ಲಟವೂ ಆಯಿತು. ಮಾಡಿದ ಕೆಲಸಕ್ಕೆ ಬೆರಳಿನ ಗುರುತು ಉಂಟು. ಮಾಡದೆ ಉಳಿದ ಕೆಲಸಕ್ಕೆ ಯಾವ ಗುರುತೂ ಇಲ್ಲ. ಯಂತ್ರ ಮಾತಾಡದ ದಿನ ಪಾಳಿಯಲ್ಲಿ ನಿಂತು ಹಿಂದಿರುಗಿದವನ ಹೆಸರು ಎಲ್ಲಿಯೂ ಬೀಳುವುದಿಲ್ಲ. ಲೆಕ್ಕದ ಪ್ರಕಾರ ಅವನು ಬಂದೇ ಇಲ್ಲ.

ಕಿಟಕಿಯ ಒಳಗಿನವರ ಪರವಾಗಿಯೂ ಒಂದು ಮಾತು ಹೇಳಬೇಕು. ಅವರು ಸುಳ್ಳು ಹೇಳುತ್ತಿಲ್ಲ. ಸಂಪರ್ಕ ನಿಜವಾಗಿಯೂ ಕಡಿದಿರುತ್ತದೆ. ಅದನ್ನು ಸರಿಪಡಿಸುವ ಅಧಿಕಾರ ಅವರಿಗಿಲ್ಲ. ಎಲ್ಲಿ ಕಡಿದಿದೆಯೆಂಬುದು ಅವರಿಗೂ ತಿಳಿಯದು. ಸಂಬಳ ಸಣ್ಣದು, ಬೈಗುಳ ದೊಡ್ಡದು. ತುದಿಯಲ್ಲಿರುವವನದೇ ಹೊಣೆಯೆಂದು ಅವರನ್ನು ಕಟ್ಟಿಹಾಕಿದರೆ ಅದು ಅನ್ಯಾಯವಾದೀತು. ಏಕೆಂದರೆ ಸಾಲ್ಟ್ಜರ್ ಮತ್ತು ಅವರ ಸಂಗಡಿಗರ ತುದಿಗೆ ಒಂದು ಶಕ್ತಿಯುಂಟು: ತಲುಪಲಿಲ್ಲವೆಂದು ತಿಳಿಯುವ ಶಕ್ತಿ, ಮತ್ತೆ ಕಳುಹಿಸುವ ಶಕ್ತಿ. ಇದೆರಡೂ ಇಲ್ಲದವನು ತುದಿಯಲ್ಲ, ಅವನೂ ನಡುವಿನವನೇ. ಕಿಟಕಿ ತುದಿಯಲ್ಲವಾದರೆ, ಬೆಂಗಳೂರಿನ ಕೇಂದ್ರಕ್ಕೆ ಈ ರೈತ ಬಂದಿದ್ದನೆಂಬುದೇ ಗೊತ್ತಿಲ್ಲವಾದರೆ, ಈ ಜಾಲದಲ್ಲಿ ಮತ್ತೆ ಕಳುಹಿಸುವ ಕೆಲಸವನ್ನು ಮಾಡುತ್ತಿರುವವರು ಯಾರು?

ರೈತನೇ. ಇಂದು ಆಗಲಿಲ್ಲ, ನಾಳೆ ಬರುತ್ತಾನೆ. ನಾಳೆ ಆಗಲಿಲ್ಲ, ಸಂತೆಯ ದಿನ ಬರುತ್ತಾನೆ. ಹವಾಯಿಯ ಯಂತ್ರ ಕ್ಷಣದ ತುಣುಕೊಂದನ್ನು ಕಾದು ಮಾಡಿದ್ದನ್ನು ಅವನು ಭೀಮಾ ತೀರದ ಹಳ್ಳಿಯಿಂದ ಬಸ್ಸು ಹತ್ತಿ ಮಾಡುತ್ತಾನೆ. ನಮ್ಮ ವ್ಯವಸ್ಥೆ ನಿಂತಿಲ್ಲ, ನಡೆಯುತ್ತಿದೆ ಎಂದು ನಾವು ಹೇಳಿಕೊಳ್ಳುವಾಗ ಅದು ನಡೆಯುತ್ತಿರುವುದು ಬಹುಮಟ್ಟಿಗೆ ಅವನ ಕಾಲುಗಳ ಮೇಲೆ. ಹೊಣೆ ಎಂಬುದು ನಡುವಿನಿಂದ ಜಾರಿ, ತುದಿಗಳನ್ನು ದಾಟಿ, ಅದನ್ನು ಹೊರಲು ಎಲ್ಲರಿಗಿಂತ ಕಡಮೆ ಶಕ್ತಿಯಿದ್ದವನ ತಲೆಯ ಮೇಲೆ ಕುಳಿತಿದೆ. ಅದಕ್ಕೆ ಹೊಣೆಯೆಂಬ ಹೆಸರೂ ಇಲ್ಲ, ಅದೃಷ್ಟ ಎಂದು ಹೆಸರು.

ಇದಕ್ಕೆ ಬೇಕಾದ ಪರಿಹಾರ ಹೊಸ ಯಂತ್ರವೇನಲ್ಲ. ಬಂದವನ ಹೆಸರು, ಬಂದ ಹೊತ್ತು, ಕೇಳಿದ ಕಾಗದ ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದು, ಒಳಗಿನವರ ಸಹಿಯುಳ್ಳ ಒಂದು ಚೀಟಿಯನ್ನು ಅವನ ಕೈಗೆ ಕೊಡಬಹುದು. ಸಂಪರ್ಕ ಮರಳಿದಾಗ ಆ ಪಾಳಿಯಲ್ಲೇ ಕೆಲಸ ಮುಗಿಸಿ ಅವನ ಫೋನಿಗೆ ತಿಳಿಸಬಹುದು. ಫೋನು ಈಗ ಯಾರ ಕಿಸೆಯಲ್ಲಿ ಇಲ್ಲ? ಆಗ ಆಗದ ಕೆಲಸಕ್ಕೂ ಒಂದು ಬೆರಳಿನ ಗುರುತು ಬೀಳುತ್ತದೆ, ಮತ್ತೆ ಪ್ರಯತ್ನಿಸುವ ಕರ್ತವ್ಯ ಕಿಟಕಿಯ ಒಳಗೆ ಹೋಗುತ್ತದೆ. ಇದಕ್ಕೆ ಖರ್ಚು ಬರುತ್ತದೆಯೆಂದು ಮೇಲಿನವರು ಹೇಳಿಯಾರು. ಖರ್ಚು ಈಗಲೂ ಬರುತ್ತಿದೆ: ಹೋಗುಬರುವ ಬಸ್ಸಿನ ಚಾರ್ಜು, ಒಂದು ದಿನದ ಕೂಲಿ, ಹೊಲದಲ್ಲಿ ತಪ್ಪಿದ ಒಂದು ಹದ. ಉತಾರದ ರಸೀದಿಯಲ್ಲಿ ಅದನ್ನು ಬರೆಯುವ ಕಾಲಮ್ಮು ಮಾತ್ರ ಇಲ್ಲ.